ಟ್ರಿಗರ್ ಕರಕರ ಎನ್ನುತ್ತಿದ್ದರೆ ಅರ ಹಿಡಿಯಬೇಡ

ಮಗಳೇ, ನಿನ್ನ ಏರ್ ಪಿಸ್ತೂಲಿನ ಟ್ರಿಗರ್ ನಯವಾಗಿ ಬರುತ್ತಿಲ್ಲ, ನಡುವೆ ಕರಕರ ಎಂದು ತಡೆಯುತ್ತದೆ ಎಂದು ಹೇಳಿದೆಯಲ್ಲ, ಅದನ್ನು ಸಣ್ಣ ದೂರು ಎಂದು ನಾನು ತಳ್ಳಿಹಾಕುವುದಿಲ್ಲ. ಅನ್ನದಲ್ಲಿ ಕಲ್ಲು ಸಿಕ್ಕ ಹಾಗೆ ಅದು. ಒಂದೇ ಹರಳಾದರೂ ಮನಸ್ಸೆಲ್ಲ ಅಲ್ಲಿಗೇ ಹೋಗುತ್ತದೆ. ಫ್ರಂಟ್ ಸೈಟ್ ಮೇಲೆ ನಿಲ್ಲಬೇಕಾದ ಗಮನ ಬೆರಳಿಗೆ ಇಳಿದುಬಿಡುತ್ತದೆ. 10 ಮೀಟರ್ ದೂರದ ಗುರಿಹಲಗೆಯಲ್ಲಿ ಹತ್ತರ ವೃತ್ತದ ಅಡ್ಡಳತೆ ಬರೀ 11.5 ಮಿಲಿಮೀಟರ್. ಅಷ್ಟು ಚಿಕ್ಕ ಜಾಗಕ್ಕೆ ಗುರಿಯಿಟ್ಟವಳ ಬೆರಳು ತಡವರಿಸಬಾರದು.

ಆದರೆ ಗೆಳೆಯರು ಹೇಳಿದರೆಂದು ಪಾಲಿಶ್ ಕಾಗದವನ್ನೋ ಸಣ್ಣ ಅರವನ್ನೋ ಹಿಡಿದು ಒಳಗಿನ ಲೋಹ ಉಜ್ಜಲು ಕೂರಬೇಡ. ಸಿಯರ್ ಎಂಬ ಆ ಚಿಕ್ಕ ಕೊಕ್ಕೆಯೇ ಇಡೀ ಯಂತ್ರವನ್ನು ಹಿಡಿದು ನಿಲ್ಲಿಸುವುದು. ಎಷ್ಟೋ ಪಿಸ್ತೂಲುಗಳಲ್ಲಿ ಅದರ ಮೇಲ್ಪದರವನ್ನಷ್ಟೇ ಗಟ್ಟಿ ಮಾಡಿರುತ್ತಾರೆ, ಒಳಗಿನ ಉಕ್ಕು ಮೆತ್ತಗಿರುತ್ತದೆ. ಆ ಪದರ ಸವೆದರೆ ಮೊದಮೊದಲು ಟ್ರಿಗರ್ ಬೆಣ್ಣೆಯಂತೆ ಬರುತ್ತದೆ, ಆಮೇಲೆ ಕೊಕ್ಕೆ ಜಾರಲು ಶುರುವಾಗುತ್ತದೆ. ಕೇಳದೆ ಗುಂಡು ಹಾರಿಸುವ ಪಿಸ್ತೂಲನ್ನು ರೇಂಜಿನಲ್ಲಿ ಯಾರೂ ಪಕ್ಕದಲ್ಲಿ ಇಟ್ಟುಕೊಳ್ಳುವುದಿಲ್ಲ. ಆ ಕೆಲಸ ಪಿಸ್ತೂಲು ರಿಪೇರಿ ಬಲ್ಲ ಆರ್ಮರರ್‌ಗೆ ಬಿಟ್ಟದ್ದು.

ನಿನ್ನ ಪಾಲಿನ ಕೆಲಸ ಬೇರೆ ಇದೆ. ಗಾಳಿಯ ಸಿಲಿಂಡರ್ ಬಿಚ್ಚಿಡು, ಒಳಗೆ ಪೆಲೆಟ್ ಇಲ್ಲವೆಂದು ಕಣ್ಣಾರೆ ನೋಡು, ನಳಿಗೆಯ ಬಾಯಿ ಯಾರ ಕಡೆಗೂ ತಿರುಗದಂತೆ ಇಡು. ನಂತರ ಟ್ರಿಗರ್ ಸುತ್ತಲಿನ ಸಂದಿಯನ್ನು ಮೆತ್ತನೆ ಬ್ರಷ್‌ನಿಂದ ಗುಡಿಸು. ನಾನು ನೋಡಿದ ಹೆಚ್ಚಿನ ಕರಕರಕ್ಕೆ ಕಾರಣ ಅಲ್ಲೇ ಇರುತ್ತದೆ: ಧೂಳು, ಪೆಲೆಟ್‌ನ ಸೀಸದ ಪುಡಿ, ಒಣಗಿ ಅಂಟಾದ ಹಳೆಯ ಗ್ರೀಸ್. ಮಳೆಗಾಲದ ತೇವವೂ ಕರಾವಳಿಯ ಉಪ್ಪುಗಾಳಿಯೂ ತುಕ್ಕು ತರುತ್ತವೆ. ಎಣ್ಣೆ ಹೆಚ್ಚಾದಷ್ಟು ನಯ ಎಂದು ಭಾವಿಸಬೇಡ. ಹೆಚ್ಚಿನ ಎಣ್ಣೆ ಧೂಳನ್ನು ಕರೆದು ಕೂರಿಸುತ್ತದೆ. ತಯಾರಕರ ಕೈಪಿಡಿ ಹೇಳಿದ ಜಾಗಕ್ಕೆ, ಹೇಳಿದ ಎಣ್ಣೆ, ಒಂದು ಹನಿ ಸಾಕು. ಗಾಳಿಯ ಕವಾಟದ ಹತ್ತಿರ ಮಾತ್ರ ಸಾಮಾನ್ಯ ಎಣ್ಣೆ ಸುಳಿಯಲೇಬಾರದು. ಅಧಿಕ ಒತ್ತಡದ ಗಾಳಿಯಲ್ಲಿ ಅದು ಹೊತ್ತಿಕೊಳ್ಳಬಲ್ಲದು. ಕೆಲಸ ಮುಗಿದ ಮೇಲೆ ಕೈ ತೊಳೆ, ಸೀಸ ವಿಷ.

ಗುಡಿಸಿದ ಮೇಲೂ ಕರಕರ ಹೋಗದಿದ್ದರೆ ನಿನ್ನ ಬೆರಳನ್ನು ನೋಡು. ಬೆರಳ ತುದಿಯ ಮೆತ್ತೆ ಟ್ರಿಗರ್ ಮೇಲೆ ಕೂತು ನೇರ ಹಿಂದಕ್ಕೆ ಒತ್ತಬೇಕು. ಹಿಡಿಕೆ ಕೈಗೆ ದೊಡ್ಡದಾಗಿದ್ದರೆ ಬೆರಳು ಓರೆಯಾಗಿ ಎಳೆಯುತ್ತದೆ, ಬೆರಳಿನ ಪಕ್ಕ ಹಿಡಿಕೆಯ ಮರಕ್ಕೆ ಉಜ್ಜುತ್ತದೆ. ಆ ಉಜ್ಜುವಿಕೆಯನ್ನೇ ಪಿಸ್ತೂಲಿನ ದೋಷ ಎಂದು ಎಷ್ಟೋ ಮಕ್ಕಳು ತಿಳಿಯುತ್ತಾರೆ. ಹಿಡಿಕೆಯನ್ನು ಕೈಗೆ ಹೊಂದಿಸಿದರೆ ಅರ್ಧ ತೊಂದರೆ ಮಾಯ.

ಇನ್ನು ಟ್ರಿಗರ್ ಹೊಂದಿಸುವ ತಿರುಪುಗಳು. ಟ್ರಿಗರ್ ಎರಡು ಹಂತದ್ದು: ಮೊದಲು ಹಗುರಾಗಿ ಹಿಂದೆ ಬರುತ್ತದೆ, ಆಮೇಲೆ ಒಂದು ಗೋಡೆ ಸಿಗುತ್ತದೆ, ಅದನ್ನು ದಾಟಿದರೆ ಗುಂಡು. ಆ ಗೋಡೆ ಬೆರಳಿಗೆ ಸ್ಪಷ್ಟವಾಗಿ ಸಿಗಬೇಕು. ಒಮ್ಮೆಗೆ ಕಾಲು ಸುತ್ತು ಮಾತ್ರ ತಿರುಗಿಸು, ತಿರುಗಿಸಿದ್ದನ್ನು ನೋಟ್‌ಬುಕ್ಕಿನಲ್ಲಿ ಬರೆ. ಹಗುರ ಮಾಡುವ ಆಸೆಗೆ ಬೀಳಬೇಡ. 10 ಮೀಟರ್ ಏರ್ ಪಿಸ್ತೂಲಿಗೆ ಅಂತರರಾಷ್ಟ್ರೀಯ ನಿಯಮದಲ್ಲಿ ಟ್ರಿಗರ್ ತೂಕ ಕನಿಷ್ಠ 500 ಗ್ರಾಂ, 25 ಮೀಟರ್ ಪಿಸ್ತೂಲಿಗೆ 1000 ಗ್ರಾಂ. ನಳಿಗೆಯನ್ನು ನೆಟ್ಟಗೆ ಹಿಡಿದು ಟ್ರಿಗರ್‌ಗೆ ತೂಕದ ಕಲ್ಲು ತೂಗಿ ಪರೀಕ್ಷಿಸುತ್ತಾರೆ. ಸ್ಪರ್ಧೆ ಮುಗಿದ ಮೇಲೆ ಪರೀಕ್ಷೆಯಲ್ಲಿ ಸೋತರೆ ಒಳ್ಳೆಯ ಸ್ಕೋರೂ ಉಳಿಯುವುದಿಲ್ಲ.

ನಯ ಬರುವುದು ಕೊನೆಗೂ ಅಭ್ಯಾಸದಿಂದಲೇ. ಬಿಳಿಗೋಡೆಯ ಎದುರು ನಿಂತು ದಿನಾ ಇಪ್ಪತ್ತು ನಿಮಿಷ ಡ್ರೈ ಫೈರ್, ಅಂದರೆ ಪೆಲೆಟ್ ಇಲ್ಲದೆ ಟ್ರಿಗರ್ ಒತ್ತುವ ಅಭ್ಯಾಸ, ಮಾಡು. ಗುರಿಹಲಗೆ ಬೇಡ, ಫ್ರಂಟ್ ಸೈಟ್ ಅಲುಗದೆ ಟ್ರಿಗರ್ ಬಿಟ್ಟುಕೊಳ್ಳುತ್ತದೆಯೇ ಎಂದಷ್ಟೇ ನೋಡು. ಮುಂದೆ .22 ಪಿಸ್ತೂಲಿಗೆ ಹೋದಾಗ ಡಮ್ಮಿ ತೋಟಾ ಇಲ್ಲದೆ ಹೀಗೆ ಮಾಡಬೇಡ, ಪಿನ್ ಬಡಿದು ಚೇಂಬರಿನ ಅಂಚು ಹಾಳಾಗಬಹುದು.

ಅಭ್ಯಾಸ ಎಷ್ಟಿದ್ದರೂ ಪಿಸ್ತೂಲು ಕೈಕೊಡಬಹುದು. ಟೋಕಿಯೊ ಒಲಿಂಪಿಕ್ಸ್‌ನ ಏರ್ ಪಿಸ್ತೂಲ್ ಅರ್ಹತಾ ಸುತ್ತಿನ ನಡುವೆ ನಮ್ಮ ದೇಶದ ಶೂಟರ್ ಮನು ಭಾಕರ್ ಅವರ ಪಿಸ್ತೂಲು ಕೆಟ್ಟು ಅಮೂಲ್ಯ ಸಮಯ ಹೋಯಿತು. 575 ಅಂಕದೊಂದಿಗೆ 12ನೇ ಸ್ಥಾನ, ಫೈನಲ್ ತಪ್ಪಿತು. 2024ರಲ್ಲಿ ಪ್ಯಾರಿಸ್‌ನಲ್ಲಿ ಅವರೇ ಎರಡು ಕಂಚು ಗೆದ್ದರು. ಅಂಥವರ ಪಿಸ್ತೂಲೇ ಕೈಕೊಟ್ಟಾಗ ನಿನ್ನದು ಕೊಡುವುದಿಲ್ಲ ಎಂದು ನಂಬಿ ಕೂರಬೇಡ. ಸ್ಪರ್ಧೆಗೆ ವಾರ ಮೊದಲೇ ಆರ್ಮರರ್ ಬಳಿ ಹೋಗಿ ಟ್ರಿಗರ್ ತೋರಿಸು, 500 ಗ್ರಾಂ ತೂಕ ತೂಗಿಸಿ ನೋಡಿಕೊಂಡು ಬಾ.