ಕಣ್ಣಿಗೂ ನಮ್ಮ ಮೇಲೆ ಹಕ್ಕಿದೆ



ಅಬ್ದುಲ್ಲಾ ಇಬ್ನ್ ಅಮ್ರ್ (ರ) ಹಗಲೆಲ್ಲ ಉಪವಾಸ, ರಾತ್ರಿಯೆಲ್ಲ ನಮಾಝ್ ಎಂದು ಬಿಡುವಿಲ್ಲದೆ ಆರಾಧನೆಯಲ್ಲಿದ್ದರು. ಇದು ತಿಳಿದ ಪ್ರವಾದಿ (ಸ), ದೇಹಕ್ಕೂ ಕಣ್ಣಿಗೂ ಅವರ ಮೇಲೆ ಹಕ್ಕಿದೆಯೆಂದು ತಿಳಿಹೇಳಿದರು. ಕಣ್ಣು ಅಲ್ಲಾಹನು ಕೊಟ್ಟ ಅಮಾನತ್ತು. ಅದನ್ನು ಕಾಪಾಡುವುದು ನಮ್ಮ ಹೊಣೆ.

ನಮ್ಮಲ್ಲಿ ಹಲವರಿಗೆ ಶುಗರ್ ಇದೆ. ಮಾತ್ರೆ ನುಂಗುತ್ತೇವೆ, ಕಣ್ಣು ಮಾತ್ರ ತೋರಿಸುವುದಿಲ್ಲ. "ಚೆನ್ನಾಗಿ ಕಾಣುತ್ತಿದೆಯಲ್ಲ, ರಜೆಗೆ ಊರಿಗೆ ಹೋದಾಗ ನೋಡೋಣ" ಎನ್ನುತ್ತೇವೆ. ನಾವು ತಪ್ಪುವುದು ಇಲ್ಲಿಯೇ. ಸಕ್ಕರೆ ವರ್ಷಗಟ್ಟಲೆ ಹೆಚ್ಚಿದ್ದರೆ ಕಣ್ಣಿನ ಹಿಂಭಾಗದ ಪರದೆಯ (ರೆಟಿನಾ) ಸಣ್ಣ ರಕ್ತನಾಳಗಳು ಹಾಳಾಗಿ ಸೋರತೊಡಗುತ್ತವೆ. ನೋವಿಲ್ಲ, ಕಣ್ಣು ಕೆಂಪಾಗುವುದಿಲ್ಲ, ಮೊದಮೊದಲು ನೋಟವೂ ಮಂಜಾಗುವುದಿಲ್ಲ. ಮಂಜಾಗುವ ಹೊತ್ತಿಗೆ ಹಾನಿ ಬಹಳ ಆಗಿರಬಹುದು. ಬೇಗ ಗೊತ್ತಾದರೆ ಲೇಸರ್ ಅಥವಾ ಇಂಜೆಕ್ಷನ್‌ನಿಂದ ಹೆಚ್ಚಿನವರ ದೃಷ್ಟಿ ಉಳಿಸಬಹುದು.

ಗ್ಲಾಕೋಮಾ ಕೂಡ ಸದ್ದಿಲ್ಲದೆ ಬರುತ್ತದೆ. ಕಣ್ಣಿನ ನರ ಹಾಳಾಗುತ್ತಾ ಹೆಚ್ಚಾಗಿ ಬದಿಯ ನೋಟ ಮೊದಲು ಹೋಗುತ್ತದೆ. ಹೋದದ್ದು ಮರಳುವುದಿಲ್ಲ; ಉಳಿದದ್ದನ್ನು ಕಾಯಲು ದಿನವೂ ಹನಿ ಔಷಧ ಹಾಕಬೇಕು.

ಉಪವಾಸದಲ್ಲಿ ಹನಿ ಹಾಕಬಹುದೇ?

ಉಪವಾಸ ಮುರಿಯುತ್ತದೆಂಬ ಭಯದಿಂದ ಕೆಲವರು ರಮಝಾನಿನಲ್ಲಿ ಹನಿ ನಿಲ್ಲಿಸುತ್ತಾರೆ. ಹನಫಿ, ಶಾಫಿಈ ಎರಡೂ ಮದ್‌ಹಬ್‌ಗಳಲ್ಲಿ ಕಣ್ಣಿನ ಹನಿಯಿಂದ ಉಪವಾಸ ಮುರಿಯುವುದಿಲ್ಲ. ಗಂಟಲಿಗೆ ಬಂದದ್ದನ್ನು ನುಂಗದಿದ್ದರೆ ಉಪವಾಸ ಕೆಡದು ಎಂದು 1997ರಲ್ಲಿ ಜಿದ್ದಾದಲ್ಲಿ ಸೇರಿದ ಅಂತಾರಾಷ್ಟ್ರೀಯ ಫಿಕ್ಹ್ ಅಕಾಡೆಮಿಯೂ ತೀರ್ಮಾನಿಸಿದೆ. ಹನಿ ಹಾಕಿ ಕಣ್ಣು ಮುಚ್ಚಿ, ಮೂಗಿನ ಬದಿಯ ಮೂಲೆಯನ್ನು ಎರಡು ನಿಮಿಷ ಮೆಲ್ಲಗೆ ಒತ್ತಿ ಹಿಡಿಯಿರಿ. ಔಷಧ ಗಂಟಲಿಗೆ ಇಳಿಯುವುದು ಕಡಿಮೆಯಾಗುತ್ತದೆ.

ನೀವು ಮಾಡಬೇಕಾದದ್ದು

1. ಶುಗರ್ ಇದ್ದರೆ ವರ್ಷಕ್ಕೊಮ್ಮೆ ಹನಿ ಹಾಕಿಸಿ ಕಣ್ಣಿನ ಒಳಭಾಗ ಪರೀಕ್ಷಿಸಿಕೊಳ್ಳಿ. ಕೆಲವು ಗಂಟೆ ನೋಟ ಮಸುಕಾಗಿರುತ್ತದೆ. ರಜಾದಿನ ಹೋಗಿ, ವಾಹನ ಓಡಿಸಬೇಡಿ.
2. ತಂದೆ, ತಾಯಿ, ಒಡಹುಟ್ಟಿದವರಿಗೆ ಗ್ಲಾಕೋಮಾ ಇದ್ದರೆ ನೀವೂ ತೋರಿಸಿಕೊಳ್ಳಿ.
3. ಶುಗರ್ ಇರುವವರು ಉಪವಾಸ ಹಿಡಿಯುವ ಮೊದಲು ಡಾಕ್ಟರರನ್ನು ಕೇಳಿ. ರೋಗಿಗೆ ಅಲ್ಲಾಹನು ವಿನಾಯಿತಿ ಕೊಟ್ಟಿದ್ದಾನೆ.
4. ಗ್ರೈಂಡಿಂಗ್, ವೆಲ್ಡಿಂಗ್ ಮಾಡುವಾಗ ರಕ್ಷಣಾ ಕನ್ನಡಕ ತೆಗೆಯಬೇಡಿ. ಸಿಮೆಂಟ್ ಅಥವಾ ಕೆಮಿಕಲ್ ಬಿದ್ದರೆ ಉಜ್ಜದೆ, ಕೂಡಲೇ 20 ನಿಮಿಷ ನೀರಿನಲ್ಲಿ ತೊಳೆದು ಆಸ್ಪತ್ರೆಗೆ ಹೋಗಿ.
5. ಇದ್ದಕ್ಕಿದ್ದಂತೆ ಮಿಂಚು, ಕಪ್ಪು ಚುಕ್ಕೆಗಳು, ಪರದೆ ಬಿದ್ದಂತೆ ಕತ್ತಲೆ ಕಂಡರೆ ಅದೇ ದಿನ ಹೋಗಿ. ಇಫ್ತಾರ್‌ವರೆಗೂ ಕಾಯಬೇಡಿ.

ಮನೆಯವರಿಗಾಗಿ ಊರು ಬಿಟ್ಟು ದುಡಿಯುತ್ತಿದ್ದೀರಿ. ಊರಿಗೆ ಮರಳಿದಾಗ ಮಕ್ಕಳ ಮುಖವನ್ನು ಕಣ್ತುಂಬ ನೋಡುವಂತಾಗಬೇಕು. ಇಂದು ತರಾವೀಹ್ ಮುಗಿದ ಮೇಲೆ ಪಕ್ಕದ ಸಹೋದರನನ್ನು ಕೇಳಿ: "ಕಣ್ಣು ತೋರಿಸಿ ಎಷ್ಟು ದಿನವಾಯಿತು?" ಅಲ್ಲಾಹನು ನಮ್ಮೆಲ್ಲರ ದೃಷ್ಟಿಯನ್ನು ಕಾಪಾಡಲಿ, ಆಮೀನ್.