ಮೆರಿನೋ ಕುರಿಯೂ ರಾಜ್ಯಗಳ ಪೈಪೋಟಿಯೂ

ಕಾಫಿ, ಅಡಿಕೆ ಬೆಳೆಗಾರರ ಪತ್ರಿಕೆಯಲ್ಲಿ ಕುರಿಯ ಪುರಾಣವೇಕೆಂದು ಸದಸ್ಯ ಬಾಂಧವರು ಕೇಳಬಹುದು. ಸರಕಿನ ಗುಣ ಬರುವುದು ನೆಲದಿಂದಲೋ ಬೀಜದಿಂದಲೋ ಎಂಬ ಚರ್ಚೆ ನಮ್ಮ ತೋಟಗಳಲ್ಲಿ ಇಂದಿಗೂ ಮುಗಿದಿಲ್ಲ. ಇದೇ ಚರ್ಚೆ ಯೂರೋಪಿನಲ್ಲಿ ಒಂದು ಕುರಿಯನ್ನು ಕುರಿತು ನೂರಾರು ವರ್ಷ ನಡೆಯಿತು. ಅದರ ಉತ್ತರದ ಮೇಲೆ ಕೆಲವು ರಾಜ್ಯಗಳ ಬೊಕ್ಕಸವೇ ನಿಂತಿತ್ತು. ಆದ್ದರಿಂದ ಅದನ್ನು ಇಲ್ಲಿ ಸ್ವಲ್ಪ ವಿವರವಾಗಿ ನೋಡೋಣ.

ಕುರಿಯ ಹೆಸರು ಮೆರಿನೋ. ನಾಡು ಸ್ಪೇನ್. ಮಲೆನಾಡಿನ ಮಳೆಯಲ್ಲಿ ನಾವು ಹೊದೆಯುವ ಕರಿ ಕಂಬಳಿಯ ಉಣ್ಣೆ ಒರಟು. ಮೆರಿನೋ ಉಣ್ಣೆಯ ಎಳೆ ಇದಕ್ಕೆ ತೀರ ಬೇರೆ. ಇಂದಿನ ಮೆರಿನೋ ಎಳೆಯ ದಪ್ಪ 20 ಮೈಕ್ರಾನಿನ ಆಸುಪಾಸು. ಮನುಷ್ಯನ ತಲೆಗೂದಲು ಅದರ ಮೂರು ಪಟ್ಟಿನಷ್ಟು ದಪ್ಪ. ಇಂಥ ಉಣ್ಣೆಯಿಂದಲೇ ಶ್ರೀಮಂತರು ಉಡುವ ನಯವಾದ ಬಟ್ಟೆಯನ್ನು ನೇಯುತ್ತಿದ್ದರು.

ಸ್ಪೇನಿನ ಕ್ಯಾಸ್ಟೀಲ್ ರಾಜ್ಯದಲ್ಲಿ ಕುರಿಯ ಒಡೆಯರಿಗೆ ‘ಮೆಸ್ತಾ’ ಎಂಬ ಸಂಘವಿತ್ತು. 1273ರಲ್ಲಿ ದೊರೆ ಹತ್ತನೆಯ ಆಲ್ಫೋನ್ಸೋ ಅದಕ್ಕೆ ಮಾನ್ಯತೆಯ ಸನ್ನದು ಕೊಟ್ಟ. ಸಂಘದ ಮಂದೆಗಳು ಬೇಸಿಗೆಯಲ್ಲಿ ಉತ್ತರದ ಲಿಯೋನ್, ಸೊರಿಯಾ ಬೆಟ್ಟಗಳಲ್ಲಿ ಮೇದು, ಚಳಿಗಾಲಕ್ಕೆ ದಕ್ಷಿಣದ ಎಸ್ತ್ರೆಮಾದುರಾ ಬಯಲಿಗೆ ಇಳಿಯುತ್ತಿದ್ದವು. ಇದಕ್ಕೆಂದೇ ಬಿಟ್ಟ ರಾಜಹಾದಿಗಳ ಅಗಲ ಸುಮಾರು 250 ಅಡಿ. ಹದಿನಾರನೆಯ ಶತಮಾನದ ಆರಂಭದಲ್ಲಿ ಹೀಗೆ ನಡೆಯುತ್ತಿದ್ದ ಕುರಿಗಳ ಸಂಖ್ಯೆ 30 ಲಕ್ಷದ ಹತ್ತಿರವಿತ್ತು. ರಾಜನಿಗೆ ಕುರಿಯಿಂದ ಸುಂಕ ಬರುತ್ತಿತ್ತು. ಆದ್ದರಿಂದ ಕಾನೂನೂ ಕುರಿಯ ಕಡೆಗೇ ವಾಲಿತು. 1501ರ ಕಾನೂನಿನಂತೆ ಮೆಸ್ತಾದ ಮಂದೆ ಒಮ್ಮೆ ಮೇದ ಹುಲ್ಲುಗಾವಲಿನಿಂದ ಅದನ್ನು ಎಬ್ಬಿಸುವುದು ಕಷ್ಟವಾಯಿತು. ದಾರಿಯ ಪಕ್ಕದ ಗೋಧಿ ಬೆಳೆಯುವ ರೈತನ ಗೋಳನ್ನು ಕೇಳುವವರು ಕಡಿಮೆ. ಅವನೇನಾದರೂ ಸಂಘ ಕಟ್ಟಿದ್ದರೆ ಕಥೆ ಬೇರೆಯಾಗುತ್ತಿತ್ತೇನೋ!

ಇಷ್ಟೆಲ್ಲ ಕಾಪಾಡಿದ ಉಣ್ಣೆಯ ಬಹುಭಾಗವನ್ನು ಸ್ಪೇನ್ ಮಾಡಿದ್ದೇನು? ಬುರ್ಗೋಸ್ ಪಟ್ಟಣದ ವರ್ತಕರು ಅದನ್ನು ಕಚ್ಚಾ ರೂಪದಲ್ಲೇ ಹಡಗು ಹತ್ತಿಸಿ ಫ್ಲಾಂಡರ್ಸಿಗೆ ಕಳಿಸುತ್ತಿದ್ದರು. ಅಲ್ಲಿ ನೂತು, ನೇಯ್ದು, ಬಣ್ಣ ಹಾಕಿದ ಬಟ್ಟೆ ಮತ್ತೆ ಸ್ಪೇನಿಗೇ ಬಂದು ಮಾರಾಟವಾಗುತ್ತಿತ್ತು. ಉಣ್ಣೆಯ ಮೂರನೆಯ ಒಂದು ಭಾಗವನ್ನು ಒಳನಾಡಿನ ನೇಕಾರರಿಗೆ ಮೀಸಲಿಡಬೇಕೆಂದು 1462ರಲ್ಲೇ ಕಟ್ಟಳೆಯಾಗಿತ್ತು. 1558ರಲ್ಲಿ ಲೂಯಿಸ್ ಓರ್ತಿಸ್ ಎಂಬ ಲೆಕ್ಕಾಧಿಕಾರಿ, ಕಚ್ಚಾ ಮಾಲನ್ನು ಹೊರಗೆ ಕಳಿಸಿ ಸಿದ್ಧ ಸರಕನ್ನು ಕೊಳ್ಳುವುದರಿಂದ ದೇಶದ ಹಣ ಸೋರುತ್ತಿದೆ ಎಂದು ರಾಜ ಎರಡನೆಯ ಫಿಲಿಪನಿಗೆ ಬಿನ್ನವತ್ತಳೆ ಬರೆದ. ಫಲ ಹೆಚ್ಚೇನೂ ಸಿಗಲಿಲ್ಲ.

ಇಂಗ್ಲೆಂಡಿನ ದಾರಿ ಬೇರೆ. ಅದು 1660ರ ದಶಕದಲ್ಲಿ ಕಚ್ಚಾ ಉಣ್ಣೆಯ ರಫ್ತನ್ನೇ ನಿಷೇಧಿಸಿತು; ಬಟ್ಟೆ ಮಾತ್ರ ಹೊರಗೆ ಹೋಗಬೇಕು. ಉಣ್ಣೆ ಖರ್ಚಾಗಲೆಂದು, ಸತ್ತವರಿಗೂ ಉಣ್ಣೆ ಬಟ್ಟೆಯನ್ನೇ ಸುತ್ತಿ ಹೂಳಬೇಕು, ತಪ್ಪಿದರೆ ಐದು ಪೌಂಡ್ ದಂಡ ಎಂದು ಕಾನೂನು ಮಾಡಿದರು. ಆದರೂ ಅತಿ ನಯವಾದ ಬಟ್ಟೆಗೆ ಇಂಗ್ಲೆಂಡ್ ಸ್ಪೇನಿನ ಉಣ್ಣೆಯನ್ನೇ ಕೊಳ್ಳಬೇಕಾಗಿತ್ತು.

ಸ್ಪೇನ್ ಉಣ್ಣೆಯನ್ನು ಮಾರುತ್ತಿತ್ತು, ಜೀವಂತ ಕುರಿಯನ್ನು ಬಿಡುತ್ತಿರಲಿಲ್ಲ. ಅರಸನ ಅಪ್ಪಣೆಯಿಲ್ಲದೆ ಮೆರಿನೋ ಗಡಿ ದಾಟುವಂತಿರಲಿಲ್ಲ. ಬಾಬಾ ಬುಡನ್ ಏಳು ಕಾಫಿ ಬೀಜಗಳನ್ನು ಯೆಮನ್ನಿನಿಂದ ತಂದರೆಂಬ ಐತಿಹ್ಯವನ್ನು ನಾವು ಬಲ್ಲೆವು. ಬೀಜವನ್ನು ಸೊಂಟಕ್ಕೆ ಕಟ್ಟಿಕೊಳ್ಳಬಹುದು. ಟಗರನ್ನು ಬಚ್ಚಿಡುವುದು ಅಷ್ಟು ಸುಲಭವಲ್ಲ. ಇದಲ್ಲದೆ ಇನ್ನೊಂದು ಬೇಲಿಯೂ ಇತ್ತು, ಅದು ನಂಬಿಕೆಯ ಬೇಲಿ. ಸ್ಪೇನಿನ ಗಾಳಿ, ಹುಲ್ಲು, ವರ್ಷವರ್ಷದ ನಡಿಗೆ ಇವೇ ಉಣ್ಣೆಯನ್ನು ನಯಗೊಳಿಸುತ್ತವೆ. ಬೇರೆ ನಾಡಿಗೆ ಒಯ್ದರೆ ಕೆಲವೇ ತಲೆಮಾರಿನಲ್ಲಿ ಕುರಿ ಒರಟಾಗುತ್ತದೆ ಎಂದು ಬಲ್ಲವರೂ ಹೇಳುತ್ತಿದ್ದರು.

ಈ ಮಾತನ್ನು ಮೊದಲು ಪರೀಕ್ಷೆಗೆ ಒಡ್ಡಿದ್ದು ಚಳಿಯ ನಾಡಾದ ಸ್ವೀಡನ್. ಯೋನಾಸ್ ಆಲ್‌ಸ್ಟ್ರೋಮರ್ ಎಂಬ ಉದ್ಯಮಿ 1723ರಲ್ಲಿ ಮೆರಿನೋ ಕುರಿಗಳನ್ನು ತರಿಸಿದ. 1739ರಲ್ಲಿ ಕುರಿ ಸಾಕಣೆಗೆಂದೇ ಒಂದು ಶಾಲೆ ತೆರೆಯಿತು. ಸರ್ಕಾರ ನಯವಾದ ಉಣ್ಣೆಗೆ ಪ್ರೋತ್ಸಾಹಧನ ಕೊಟ್ಟಿತು. ಕುರಿಗಳು ಹಿಮದಲ್ಲೂ ಬದುಕಿದವು, ಉಣ್ಣೆಯೂ ಕೆಡಲಿಲ್ಲ. ಶತಮಾನದ ಕೊನೆಯಲ್ಲಿ ಪ್ರೋತ್ಸಾಹಧನ ನಿಂತಿತು, ಆಗ ಮಂದೆಗಳೂ ಕರಗಿದವು. ಸೋತದ್ದು ಹವೆಯಿಂದಲ್ಲ, ಲೆಕ್ಕದಿಂದ ಎಂಬುದನ್ನು ಓದುಗರು ಗಮನಿಸಬೇಕು.

ಫ್ರಾನ್ಸಿನಲ್ಲಿ ಸರ್ಕಾರವೇ ಈ ಕೆಲಸವನ್ನು ಲೂಯಿ ದೋಬಾಂತೋಂ ಎಂಬ ಪ್ರಾಣಿಶಾಸ್ತ್ರಜ್ಞನಿಗೆ ವಹಿಸಿತು. 1760ರ ದಶಕದಿಂದ ಮೋಂಬಾರ್ ಎಂಬ ಊರಿನಲ್ಲಿ ಆತ ಪ್ರಯೋಗಕ್ಕೆ ತೊಡಗಿದ. ಸ್ಥಳೀಯ ಒರಟು ಕುರಿಗಳಿಗೆ ನಯ ಉಣ್ಣೆಯ ಟಗರುಗಳನ್ನು ಬಿಟ್ಟ. ಹುಟ್ಟಿದ ಮರಿಗಳಲ್ಲಿ ಒಳ್ಳೆಯವನ್ನು ಆರಿಸಿ ಮುಂದಿನ ತಲೆಮಾರಿಗೆ ಉಳಿಸಿಕೊಂಡ. ನಯವನ್ನು ಕೈಬೆರಳಿನಿಂದ ಅಂದಾಜು ಮಾಡುವುದನ್ನು ಬಿಟ್ಟು, ಸೂಕ್ಷ್ಮದರ್ಶಕದ ಕೆಳಗಿಟ್ಟು ಎಳೆಯ ದಪ್ಪವನ್ನೇ ಅಳೆದ. ಹುಲ್ಲು ಅದೇ, ನೆಲ ಅದೇ. ಆದರೂ ತಲೆಮಾರಿನಿಂದ ತಲೆಮಾರಿಗೆ ಉಣ್ಣೆ ನಯವಾಗುತ್ತ ಹೋಯಿತು. ಗುಣದ ಬಹುಪಾಲು ರಕ್ತದಲ್ಲಿದೆ ಎಂದು ಸಿದ್ಧವಾದಂತಾಯಿತು. ಮೇವು, ಆರೈಕೆ ಬೇಡವೆಂದು ಇದರ ಅರ್ಥವಲ್ಲ. 1782ರಲ್ಲಿ ಆತ ಕುರಿಗಾಹಿಗಳಿಗಾಗಿ ಬರೆದ ಪಾಠಪುಸ್ತಕದಲ್ಲಿ ಅವಕ್ಕೂ ಸಾಕಷ್ಟು ಜಾಗವಿದೆ.

ಇಷ್ಟರಲ್ಲಿ ಸ್ಪೇನಿನ ಅರಸರೇ ಬೇಲಿಗೆ ಕಂಡಿ ತೆಗೆದಿದ್ದರು. 1765ರಲ್ಲಿ ಮೂರನೆಯ ಕಾರ್ಲೋಸ್ ತನ್ನ ಮಡದಿಯ ತವರಾದ ಸ್ಯಾಕ್ಸನಿಗೆ ಇನ್ನೂರಕ್ಕೂ ಮಿಕ್ಕಿ ಕುರಿಗಳನ್ನು ಕೊಟ್ಟ. ಬೀಗರ ಮೇಲಿನ ಈ ವಿಶ್ವಾಸ ದುಬಾರಿಯಾಯಿತು. 1786ರಲ್ಲಿ ಫ್ರಾನ್ಸಿನ ಹದಿನಾರನೆಯ ಲೂಯಿಗೆ ಕೊಳ್ಳಲು ಅಪ್ಪಣೆ ಸಿಕ್ಕಿ, 366 ಕುರಿಗಳು ಕಾಲ್ನಡಿಗೆಯಲ್ಲೇ ಪ್ಯಾರಿಸಿನ ಬಳಿಯ ರಾಂಬುಯೇ ಎಂಬಲ್ಲಿಗೆ ಬಂದು ಸೇರಿದವು. ಆ ಮಂದೆಯ ಸಂತತಿಯನ್ನು ಹೊರಗಿನ ರಕ್ತ ಬೆರೆಸದೆ ಅಲ್ಲಿ ಇಂದಿಗೂ ಸಾಕುತ್ತಿದ್ದಾರೆ. 1795ರಲ್ಲಿ ಯುದ್ಧದಲ್ಲಿ ಸೋತ ಸ್ಪೇನ್ ಬಾಸೆಲ್ ಒಪ್ಪಂದಕ್ಕೆ ಸಹಿ ಹಾಕಿದಾಗ, ಫ್ರಾನ್ಸಿಗೆ ಮೆರಿನೋ ಕೊಳ್ಳಲು ಬಿಡಬೇಕೆಂಬ ರಹಸ್ಯ ಷರತ್ತೂ ಅದರಲ್ಲಿತ್ತು. ಶಾಂತಿ ಸಂಧಾನದಲ್ಲಿ ಟಗರಿಗೂ ಒಂದು ಕಲಮು!

ಇಂಗ್ಲೆಂಡಿನ ದೊರೆ ಮೂರನೆಯ ಜಾರ್ಜನಿಗಾಗಿ ವಿಜ್ಞಾನಿ ಜೋಸೆಫ್ ಬ್ಯಾಂಕ್ಸ್ ಮೊದಲು ಪೋರ್ಚುಗಲ್ ಮೂಲಕ ಗುಟ್ಟಾಗಿ ಕೆಲವು ಕುರಿಗಳನ್ನು ತರಿಸಿದ. ಡಚ್ಚರದು ಇನ್ನೂ ಸ್ವಾರಸ್ಯ. 1789ರಲ್ಲಿ ಕೊಡುಗೆಯಾಗಿ ಬಂದ ಕೆಲವು ಮೆರಿನೋಗಳನ್ನು ಅವರು ಆಫ್ರಿಕದ ದಕ್ಷಿಣ ತುದಿಯ ಕೇಪಿಗೆ ಕಳಿಸಿದರು. ಸ್ಪೇನ್ ಆಕ್ಷೇಪಿಸಲು, ಅಲ್ಲಿನ ಸೇನಾಧಿಕಾರಿ ಗಾರ್ಡನ್ ಮೂಲ ಕುರಿಗಳನ್ನು ನಿಯತ್ತಾಗಿ ಹಿಂದಕ್ಕೆ ಕಳಿಸಿ, ಹುಟ್ಟಿದ ಮರಿಗಳನ್ನು ಇಟ್ಟುಕೊಂಡ. 1797ರಲ್ಲಿ ಆ ಸಂತತಿಯ ಕುರಿಗಳು ಆಸ್ಟ್ರೇಲಿಯಕ್ಕೆ ಹಡಗು ಹತ್ತಿದವು.

1808ರಲ್ಲಿ ನೆಪೋಲಿಯನ್ನನ ಸೈನ್ಯ ಸ್ಪೇನಿಗೆ ನುಗ್ಗಿದ ಮೇಲೆ ಉಳಿದ ಬೇಲಿಯೂ ಮುರಿಯಿತು. ಮಂದೆಗಳು ಸೈನಿಕರ ಊಟವಾದವು, ಲೂಟಿಯಾದವು, ಸಾವಿರಾರು ಕುರಿಗಳು ಅಮೆರಿಕಕ್ಕೆ ಹೋದವು. 1820ರ ದಶಕದ ಹೊತ್ತಿಗೆ ಇಂಗ್ಲೆಂಡಿನ ಗಿರಣಿಗಳು ಕೊಳ್ಳುತ್ತಿದ್ದ ನಯ ಉಣ್ಣೆಯಲ್ಲಿ ಹೆಚ್ಚಿನ ಪಾಲು ಸ್ಯಾಕ್ಸನಿ ಮೊದಲಾದ ಜರ್ಮನ್ ನಾಡುಗಳದು. ಮುಂದೆ ಆ ಜಾಗವನ್ನು ಆಸ್ಟ್ರೇಲಿಯ ಹಿಡಿಯಿತು.

ಪೈಪೋಟಿಯಿಂದ ಇನ್ನೊಂದು ಫಲವೂ ಹುಟ್ಟಿತು. ಮೊರಾವಿಯಾದ ಬ್ರನೋ ಉಣ್ಣೆ ಗಿರಣಿಗಳ ಪಟ್ಟಣ. ಅಲ್ಲಿ 1814ರಲ್ಲಿ ಕುರಿ ತಳಿಗಾರರು ಸಂಘ ಕಟ್ಟಿಕೊಂಡರು. ಯಾವ ಟಗರಿನ ಗುಣ ಮರಿಗೆ ಬರುತ್ತದೆ, ಯಾವುದರದು ಬರುವುದಿಲ್ಲ ಎಂದು ವರ್ಷಗಟ್ಟಲೆ ವಾದ ನಡೆಯಿತು. ವಂಶದಲ್ಲಿ ಇಳಿದುಬರುವುದು ಏನು, ಹೇಗೆ ಎಂಬುದೇ ಕೇಳಬೇಕಾದ ಪ್ರಶ್ನೆ ಎಂದು ಸ್ಥಳೀಯ ಮಠದ ಅಧಿಪತಿ ನಾಪ್ 1830ರ ದಶಕದಲ್ಲಿ ಹೇಳಿದರು. 1843ರಲ್ಲಿ ಅದೇ ಮಠಕ್ಕೆ ಸೇರಿದ ತರುಣನ ಹೆಸರು ಗ್ರೆಗರ್ ಮೆಂಡೆಲ್. ಆತ ಉತ್ತರ ಹುಡುಕಿದ್ದು ಕುರಿಯಲ್ಲಲ್ಲ, ಬಟಾಣಿ ಗಿಡದಲ್ಲಿ. ಆ ಲೇಖನ 1866ರಲ್ಲಿ ಅಚ್ಚಾದಾಗ, ಸ್ಪೇನಿನಲ್ಲಿ ಮೆಸ್ತಾ ರದ್ದಾಗಿ ಮೂವತ್ತು ವರ್ಷವಾಗಿತ್ತು.