ಚಂದ ನೋಡಿ ವಿಂಡೋ ಮ್ಯಾನೇಜರ್ ಆರಿಸಬೇಡಿ

ಲಿನಕ್ಸ್‌ನಲ್ಲಿ ವಿಂಡೋಗಳನ್ನು ಪರದೆಯ ಮೇಲೆ ಇಡುವ, ಸರಿಸುವ, ಮುಚ್ಚುವ ಕೆಲಸಕ್ಕೆಂದೇ ಒಂದು ತಂತ್ರಾಂಶ ಇರುತ್ತದೆ, ಅದೇ ವಿಂಡೋ ಮ್ಯಾನೇಜರ್. ಇದ್ದದ್ದು ಒಗ್ಗದಿದ್ದರೆ ಬೇರೆ ಹಾಕಿಕೊಳ್ಳಬಹುದು. ಹಾಕಿಕೊಳ್ಳುವ ಮುನ್ನ ಇಷ್ಟು ನೋಡಿ.

೧. ನಿಮ್ಮ ಕೈ ಎಲ್ಲಿರುತ್ತದೆ? ಫೋಟೋ ತಿದ್ದುವವರು, ಪುಟ ಕಟ್ಟುವವರು ದಿನವಿಡೀ ಮೌಸ್ ಹಿಡಿದಿರುತ್ತಾರೆ. ಅವರಿಗೆ ಓಪನ್‌ಬಾಕ್ಸ್, ಐಸ್‌ಡಬ್ಲ್ಯೂಎಂ ಸಾಕು. ಹಳೇ ಕಂಪ್ಯೂಟರಿಗೂ ಇವು ಹಗುರ. ಕೋಡ್ ಬರೆಯುತ್ತ ಕೀಬೋರ್ಡಿನಿಂದ ಕೈ ಎತ್ತದವರು ಐ೩ಯಂಥ ಟೈಲಿಂಗ್ ಮ್ಯಾನೇಜರ್ ನೋಡಲಿ. ಅದರಲ್ಲಿ ವಿಂಡೋಗಳು ಒಂದರ ಮೇಲೊಂದು ಬೀಳುವುದಿಲ್ಲ, ಪರದೆಯನ್ನು ಪಾಲು ಹಂಚಿಕೊಳ್ಳುತ್ತವೆ.

೨. ಹಳೆಯದನ್ನು ಕಿತ್ತು ಹಾಕಬೇಡಿ. ಎರಡೂ ಇರಲಿ. ಲಾಗಿನ್ ಪರದೆಯಲ್ಲೇ ಯಾವುದು ಬೇಕೋ ಅದನ್ನು ಆರಿಸಿಕೊಳ್ಳಬಹುದು.

೩. ಖಾಲಿ ಪರದೆ ಕಂಡು ಗಾಬರಿಯಾಗಬೇಡಿ. ಐ೩ ಮೊದಲ ಸಲ ತೆರೆದಾಗ ಮುಖ್ಯ ಕೀ ಯಾವುದಿರಲಿ ಎಂದು ಕೇಳುತ್ತದೆ. ವಿಂಡೋಸ್ ಕೀ ಎನ್ನಿ. ಆಲ್ಟ್ ಕೀಗೆ ಬೇರೆ ಆ್ಯಪ್‌ಗಳಲ್ಲೂ ಕೆಲಸವಿದೆ. ಆಮೇಲೆ ಆ ಕೀ ಜೊತೆ ಎಂಟರ್ ಒತ್ತಿದರೆ ಟರ್ಮಿನಲ್. ಇನ್ನೊಮ್ಮೆ ಒತ್ತಿದರೆ ಪಕ್ಕದಲ್ಲೇ ಮತ್ತೊಂದು. ಶಿಫ್ಟ್, ಕ್ಯೂ ಸೇರಿಸಿ ಒತ್ತಿದರೆ ಮುಚ್ಚುತ್ತದೆ. ಅದೇ ಕೀ ಜೊತೆ ೨ ಒತ್ತಿದರೆ ಎರಡನೇ ವರ್ಕ್‌ಸ್ಪೇಸ್, ಅಂದರೆ ಇನ್ನೊಂದು ಖಾಲಿ ಪರದೆ. ಶುರುವಿಗೆ ಇಷ್ಟು ಬಂದರೆ ಸಾಕು.

೪. ಏನಿದೆ ಅನ್ನುವುದಕ್ಕಿಂತ ಏನಿಲ್ಲ ಅನ್ನುವುದನ್ನು ಪಟ್ಟಿ ಮಾಡಿ. ಗ್ನೋಮ್, ಕೆಡಿಇಯಂಥ ಪೂರ್ಣ ಡೆಸ್ಕ್‌ಟಾಪ್ ಬಳಸಿ ರೂಢಿಯಾದವರು ಎಡವುವುದು ಇಲ್ಲೇ. ಬರೀ ವಿಂಡೋ ಮ್ಯಾನೇಜರ್ ಎಂದರೆ ಸ್ಕ್ರೀನ್ ಲಾಕ್, ವಾಲ್ಯೂಮ್ ಕೀ, ನೋಟಿಫಿಕೇಶನ್ ಇವುಗಳಲ್ಲಿ ಎಷ್ಟೋ ನೀವೇ ಜೋಡಿಸಬೇಕು. ಕನ್ನಡ ಟೈಪ್ ಮಾಡುವವರಂತೂ ಅದಕ್ಕೆ ಬೇಕಾದ ಐಬಸ್ ತಂತ್ರಾಂಶ ತಾನಾಗಿ ಶುರುವಾಗುತ್ತದೆಂದು ನಂಬಿ ಕೂರಬೇಡಿ. ಸೆಟ್ಟಿಂಗ್ಸ್ ಫೈಲಿನಲ್ಲಿ ಅದನ್ನು ಎಬ್ಬಿಸುವ ಸಾಲು ಸೇರಿಸಿ. ಟೈಲಿಂಗ್‌ನವರ ವಾಸವೆಲ್ಲ ಟರ್ಮಿನಲ್‌ನಲ್ಲಿ, ಬಹಳಷ್ಟು ಟರ್ಮಿನಲ್‌ಗಳಿಗೋ ನಮ್ಮ ಒತ್ತಕ್ಷರದ ಗಂಧವಿಲ್ಲ. ‘ಸ್ತ್ರೀ’, ‘ರಾಷ್ಟ್ರ’ ಎಂದು ಟೈಪಿಸಿ ನೋಡಿ. ಅಕ್ಷರ ಒಡೆದರೆ ಕನ್ನಡದ ಕೆಲಸಕ್ಕೆ ಬೇರೆ ಎಡಿಟರ್ ಇಟ್ಟುಕೊಳ್ಳಿ.

೫. ಸೆಟ್ಟಿಂಗ್ಸ್ ಬದಲಿಸುವ ಬಗೆ ತಿಳಿದಿರಲಿ. ಐ೩ಗೆ ಸಾದಾ ಪಠ್ಯದ ಫೈಲ್. ಬೇರೆ ಟೈಲಿಂಗ್ ಮ್ಯಾನೇಜರ್‌ಗಳಲ್ಲಿ ಆಸಮ್‌ಗೆ ಲುವಾ ಭಾಷೆ ಬರಬೇಕು, ಎಕ್ಸ್‌ಮೊನ್ಯಾಡ್‌ಗೆ ಹ್ಯಾಸ್ಕೆಲ್. ಡಿಡಬ್ಲ್ಯೂಎಂನಲ್ಲಿ ಬಣ್ಣ ಬದಲಿಸಬೇಕಾದರೂ ಸಿ ಫೈಲು ತಿದ್ದಿ ಮತ್ತೆ ಕಂಪೈಲ್ ಮಾಡಬೇಕು. ಕೆಲವರಿಗೆ ಅದೇ ಖುಷಿ. ನನಗಂತೂ ಆ ವ್ಯವಧಾನವಿಲ್ಲ.

೬. ಮ್ಯಾನೇಜರಿನ ಕೆಳಗಿರುವ ಡಿಸ್‌ಪ್ಲೇ ವ್ಯವಸ್ಥೆಯನ್ನೂ ನೋಡಿ. ಐ೩ ನಡೆಯುವ ಎಕ್ಸ್೧೧ ೧೯೮೭ರದು, ಅದರ ಜಾಗಕ್ಕೆ ಬರುತ್ತಿರುವ ವೇಲ್ಯಾಂಡ್ ಶುರುವಾದದ್ದು ೨೦೦೮ರಲ್ಲಿ. ಉಬುಂಟು ೨೫.೧೦ ತನ್ನ ಗ್ನೋಮ್‌ನಿಂದ ಎಕ್ಸ್ ಸೆಷನ್ನನ್ನೇ ತೆಗೆದಿದೆ. ಹಾಗೆಂದು ಐ೩ ಕಲಿತದ್ದು ದಂಡವಾಗದು: ವೇಲ್ಯಾಂಡ್‌ನ ಸ್ವೇ, ಐ೩ಯ ಸೆಟ್ಟಿಂಗ್ಸ್ ಫೈಲನ್ನು ಬಹುಮಟ್ಟಿಗೆ ಹಾಗೇ ಓದುತ್ತದೆ.

೭. ಪಾರದರ್ಶಕ ಟರ್ಮಿನಲ್, ದುಂಡು ಮೂಲೆ, ಅನಿಮೇಶನ್ ಎಲ್ಲ ಕೊನೆಗಿರಲಿ.

೮. ಸೆಟ್ಟಿಂಗ್ಸ್ ಫೈಲು ಕೈಗೆ ಒಗ್ಗಿದ ದಿನವೇ ಅದರ ನಕಲೊಂದನ್ನು ಪೆನ್‌ಡ್ರೈವಿಗೆ ಹಾಕಿ. ಹೊಸ ಕಂಪ್ಯೂಟರಿಗೆ ಬೇಕಾಗುವುದು ಅದೊಂದೇ.